ಮಾವನಿಗೆ ಹೇಳಿದ ವಿಮಾನಗಳು

ಮದುವೆಯಾಗಿ ಎಂಟು ವರ್ಷವಾಗಿದ್ದರೂ ಹರಿತಾಳ ಜೊತೆ ಅವಳ ಮಾವ ಮುನಿಶಾಮಪ್ಪನವರು ನೇರವಾಗಿ ಆಡಿದ ಮಾತುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಏನಾದರೂ ಹೇಳಬೇಕಿದ್ದರೆ ಹೆಂಡತಿ ಆದಿಲಕ್ಷ್ಮಮ್ಮನ ಕಡೆ ತಿರುಗಿ, "ಆ ಹುಡುಗಿಗೆ ಹೇಳು, ಗೇಟು ಹಾಕ್ಕೊಂಡು ಹೋಗ್ಲಿ," ಅನ್ನುವರು. ಆ ಹುಡುಗಿ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು. ಕೋಪವೇನೂ ಇರಲಿಲ್ಲ. ಸೊಸೆಯ ಮುಂದೆ ಮಾವ ಮಾತು ಕಡಿಮೆ ಮಾಡುವುದು ಅವರ ಕಡೆಯ ವಾಡಿಕೆ. ಜೊತೆಗೆ ಈ ಸೊಸೆ ಆಸ್ಪತ್ರೆಗಳಿಗೆ ಆಮ್ಲಜನಕದ ಯಂತ್ರ ಕೂರಿಸುವ ಕಂಪನಿಯೊಂದರ ಎಂಜಿನಿಯರು. ಸ್ಪ್ಯಾನರು, ಮೀಟರು ತುಂಬಿದ ಚೀಲ ಹೆಗಲಿಗೇರಿಸಿಕೊಂಡು ತಿಂಗಳಿಗೆ ಎರಡು ಮೂರು ಸಲ ವಿಮಾನ ಹತ್ತುವವಳು. ಅಂಥವಳ ಜೊತೆ ಏನು ಮಾತಾಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲವೋ ಏನೋ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ವಿಮಾನಗಳೂ ನಿಂತವು. ಎರಡು ತಿಂಗಳಾದ ಮೇಲೆ, ಮೇ ಕೊನೆಯಲ್ಲಿ ಮತ್ತೆ ಹಾರಾಟ ಶುರುವಾದಾಗ ಮೊದಲ ವಾರವೇ ಹರಿತಾಳಿಗೆ ಕರೆ ಬಂತು. ನಾಗಪುರದಲ್ಲಿ ಒಂದು ಯಂತ್ರ ಕೆಟ್ಟು ನಿಂತಿತ್ತು. ಹೋಗದೆ ಇರುವ ಮಾತಿರಲಿಲ್ಲ. ಕಷ್ಟವಿದ್ದದ್ದು ವಾಪಸು ಬರುವುದರಲ್ಲಿ. ಗಂಡ ಸುನೀಲ್‌ಕುಮಾರ್ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹೊರರಾಜ್ಯದಿಂದ ಬಂದವರು ಮನೆಯಲ್ಲಿದ್ದರೆ ಅಂಥ ಕೆಲಸಗಾರರನ್ನು ಹದಿನಾಲ್ಕು ದಿನ ಗೇಟಿನೊಳಗೆ ಬಿಡುವುದಿಲ್ಲವೆಂದು ಅಲ್ಲಿ ನೋಟಿಸು ಅಂಟಿಸಿದ್ದರು. ಮಗಳು ಯಾಮಿನಿಗೆ ಆರು ವರ್ಷ. ಅತ್ತೆಗೆ ಸಕ್ಕರೆ ಕಾಯಿಲೆ. ಗೌರಿಬಿದನೂರಿನ ಅವರ ಮನೆಯಲ್ಲಿದ್ದದ್ದು ಎರಡು ಕೋಣೆ, ಒಂದೇ ಬಚ್ಚಲು.

ಎಲ್ಲರೂ ನಡುಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳುತ್ತಿದ್ದಾಗ ಮುನಿಶಾಮಪ್ಪನವರು ಗೋಡೆ ನೋಡುತ್ತ ಹೇಳಿದರು: "ನಗರಗೆರೆ ತೋಟದ ಮನೆ ಇದೆಯಲ್ಲ. ಆ ಹುಡುಗಿ ಅಲ್ಲಿರ್ಲಿ. ಒಬ್ಳೇ ಹೆಂಗಿರ್ತಾಳೆ, ನಾನೂ ಅಲ್ಲೇ ಇರ್ತೀನಿ. ಹಸುಗಳಿಗೂ ಆಯ್ತು."

"ನಿಮಗೆ ಅರವತ್ತೇಳು. ಆ ಕಾಯ್ಲೆ ಹುಡುಕ್ಕೊಂಡು ಬರೋದೇ ನಿಮ್ಮಂಥೋರ್ನ," ಅಂದರು ಆದಿಲಕ್ಷ್ಮಮ್ಮ.

"ಅವಳು ಮನೆ ಒಳಗೆ, ನಾನು ಪಂಪ್‌ಸೆಟ್ ರೂಮಲ್ಲಿ. ಮಧ್ಯ ಅಂಗಳ ಇಲ್ವಾ?"

ಅಲ್ಲಿಗೆ ಮಾತು ಮುಗಿಯಿತು. ವಿಮಾನ ನಿಲ್ದಾಣಕ್ಕೆ ಹೋಗಿಬರಲು ಯಾವ ಟ್ಯಾಕ್ಸಿಯವನೂ ಒಪ್ಪದಿದ್ದಾಗ ಆ ಕೆಲಸವನ್ನೂ ಅವರೇ ಹೊತ್ತರು. ಹಾಲಿನ ಕ್ಯಾನು, ಹಿಂಡಿ ಮೂಟೆ ಸಾಗಿಸುವ ಹಳೆಯ ಓಮ್ನಿಯಲ್ಲಿ, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಸುತ್ತಲೂ ದಾರದಿಂದ ಬಿಗಿದು ಕಟ್ಟಿದರು.

ಮೊದಲ ಸಲ ಅವಳು ವಾಪಸು ಬಂದಾಗ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದವರೆಗೂ ವ್ಯಾನಿನಲ್ಲಿ ಮಾತಿಲ್ಲ. ಊರು ದಾಟಿದ ಮೇಲೆ ಹಾಳೆಯ ಆಚೆಯಿಂದ ದನಿ ಬಂತು.

"ಹೆಂಗಿತ್ತಮ್ಮ?"

ತನ್ನನ್ನೇ ಕೇಳಿದ್ದೆಂದು ತಿಳಿಯಲು ಹರಿತಾಳಿಗೆ ಒಂದು ಗಳಿಗೆ ಬೇಕಾಯಿತು. "ಮಿಷನ್ ಸರಿಹೋಯ್ತು ಮಾವ."

"ಅದಲ್ಲ. ವಿಮಾನ."

"ವಿಮಾನ... ಚೆನ್ನಾಗಿತ್ತು."

"ನಾನು ಹುಟ್ಟಿದಾಗಿಂದ ತಲೆ ಮೇಲೆ ಹೋಗೋದೇ ನೋಡಿರೋದು. ಎರಡು ತಿಂಗಳು ಒಂದೂ ಕಾಣ್ಲಿಲ್ಲ. ಮೊನ್ನೆ ಬೆಳಿಗ್ಗೆ ಒಂದು ಹೋಯ್ತು. ನೀನೇ ಇರ್ಬೇಕು ಅಂದ್ಕೊಂಡೆ."

ಅದು ತನ್ನದೇ ವಿಮಾನವೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಆದರೂ ತೋಟದ ಬದುವಿನ ಮೇಲೆ ಕತ್ತೆತ್ತಿ ನಿಂತ ಮಾವ ಕಣ್ಣ ಮುಂದೆ ಬಂದು, "ನಾನೇ ಇರ್ಬೇಕು ಮಾವ," ಅಂದಳು. ಆಮೇಲೆ ಹೇಳುತ್ತ ಹೋದಳು. ನಿಲ್ದಾಣದಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿದ್ದದ್ದು. ಗಾಜಿನ ಹಿಂದೆ ಕೂತ ಪೊಲೀಸು ಮಾಸ್ಕು ಒಂದು ಕ್ಷಣ ಇಳಿಸಿ ಮುಖ ತೋರಿಸಿ ಅಂದದ್ದು. ನಡುವಿನ ಸೀಟು ಸಿಕ್ಕಿದ್ದಕ್ಕೆ ಕಾಲಿನವರೆಗೂ ಬರುವ ಬಿಳಿ ನಿಲುವಂಗಿ ಕೊಟ್ಟದ್ದು. ಪಕ್ಕದವನು ಸೀಟಿನ ಪಟ್ಟಿಯನ್ನು ಆರು ಸಲ ಒರೆಸಿದ್ದು. ಎದ್ದು ಓಡಾಡುವಂತಿಲ್ಲ, ತಿನ್ನಲು ಏನೂ ಇಲ್ಲ, ಗಗನಸಖಿಯರ ಕಣ್ಣು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂಬುದು.

"ಪಾಪ. ಏನು ಹೆಸರು ಆ ಹುಡುಗೀದು?"

"ಯಾವ ಹುಡುಗಿ ಮಾವ?"

"ಅದೇ, ನಿಲುವಂಗಿ ಕೊಟ್ಟಳಲ್ಲ."

ಹೆಸರು ಅವಳು ನೋಡಿರಲಿಲ್ಲ. "ಮುಂದಿನ ಸಲ ಕೇಳ್ಕೊಂಡು ಬಾ," ಅಂದರು ಮುನಿಶಾಮಪ್ಪ, ತೊಂಡೇಬಾವಿಯ ರೈಲ್ವೆ ಗೇಟಿನಲ್ಲಿ ವ್ಯಾನು ನಿಲ್ಲಿಸುತ್ತ.

ಆ ವರ್ಷ ಮುಂದಿನ ಸಲಗಳಿಗೆ ಕೊರತೆಯಿರಲಿಲ್ಲ. ಇಂದೋರ್, ಭುವನೇಶ್ವರ, ಮಧುರೈ, ಪಟ್ನಾ, ಮತ್ತೆ ನಾಗಪುರ. ಎಡಗೈ ಮೇಲೆ ಹಾಕಿದ ಕ್ವಾರಂಟೈನ್ ಮುದ್ರೆ ಅಳಿಸುವ ಮೊದಲೇ ಅದರ ಪಕ್ಕ ಇನ್ನೊಂದು ಬೀಳುತ್ತಿತ್ತು. ಪರೀಕ್ಷೆಯ ಫಲಿತಾಂಶದ ಕಾಗದ, ಆಸ್ಪತ್ರೆಯ ಪತ್ರ, ಪಾಸು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ತೂಗುಹಾಕಿಕೊಳ್ಳುತ್ತಿದ್ದಳು. ತೋಟಕ್ಕೆ ಬಂದರೆ ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿರುತ್ತಿತ್ತು. ಜಗಲಿಯ ಅಂಚಿನಲ್ಲಿ ಮುಚ್ಚಿಟ್ಟ ಮುದ್ದೆ, ಸಾರು. ಸಾರು ಮಾತ್ರ ಬಾಯಿಗಿಡುವಂತಿರಲಿಲ್ಲ. ಅರವತ್ತೇಳನೇ ವಯಸ್ಸಿನಲ್ಲಿ ಸೌಟು ಹಿಡಿದ ಮನುಷ್ಯ, ಹುಣಸೆಹಣ್ಣು ಎಷ್ಟು ಹಾಕಬೇಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಸಂಜೆ ಅಂಗಳದ ಆ ಕಡೆ ಅವರು, ಈ ಕಡೆ ಇವಳು. ಅವಳ ಯಂತ್ರ ಏನು ಮಾಡುತ್ತದೆಂದು ಒಮ್ಮೆ ಕೇಳಿದರು. ಗಾಳಿಯನ್ನು ಒತ್ತಿ, ಬೇಡವಾದದ್ದನ್ನು ಬೇರೆ ಮಾಡಿ, ಉಸಿರಿಗೆ ಬೇಕಾದದ್ದನ್ನು ಉಳಿಸಿಕೊಳ್ಳುತ್ತದೆ ಅಂದಳು.

"ಅಂದ್ರೆ ತೂರೋದು. ರಾಗಿ ತೂರಿದಂಗೆ."

"ಹೂಂ ಮಾವ, ಅಷ್ಟೇ." ಕಂಪನಿಯ ತರಬೇತಿಯಲ್ಲಿ ಮೂರು ದಿನ ಹೇಳಿಕೊಟ್ಟದ್ದನ್ನು ಅವರು ಒಂದು ಮಾತಲ್ಲಿ ಮುಗಿಸಿದ್ದರು.

ದಿನ ಕಳೆದ ಹಾಗೆ ಹರಿತಾ ವಿಮಾನದಲ್ಲಿ ನಿದ್ದೆ ಮಾಡುವುದನ್ನೇ ಬಿಟ್ಟಳು. ಮೊದಲೆಲ್ಲ ಹತ್ತಿದ ತಕ್ಷಣ ಕಣ್ಣು ಮುಚ್ಚುತ್ತಿದ್ದವಳು ಈಗ ಮಾವನಿಗೆ ಹೇಳಲು ಏನಾದರೂ ಸಿಗುತ್ತದೆಯೇ ಎಂದು ನೋಡುತ್ತಿದ್ದಳು. ಹೆಸರುಗಳನ್ನೂ ಕೇಳತೊಡಗಿದಳು. ಜುಲೈನಲ್ಲಿ ಪಟ್ನಾಗೆ ಹೋಗುವಾಗ ಒಬ್ಬ ಮುದುಕರು ತಮ್ಮನ ಅಸ್ಥಿಯ ಮಡಕೆಯಿದ್ದ ಚೀಲವನ್ನು ಪಕ್ಕದ ಖಾಲಿ ಸೀಟಿನಲ್ಲಿಟ್ಟು ಅದಕ್ಕೆ ಸೀಟಿನ ಪಟ್ಟಿ ಕಟ್ಟಿದ್ದರು. ಚೀಲಗಳನ್ನು ಸೀಟಿನ ಕೆಳಗಿಡಬೇಕೆಂಬುದು ನಿಯಮ. ಗಗನಸಖಿ ಬಂದು ನೋಡಿದಳು, ಬಗ್ಗಿ ಆ ಪಟ್ಟಿಯನ್ನು ಇನ್ನಷ್ಟು ಬಿಗಿಮಾಡಿ ಮುಂದೆ ಹೋದಳು. ಇದನ್ನು ಕೇಳಿದ ದಿನ ಮುನಿಶಾಮಪ್ಪನವರು ಇಬ್ಬರ ಹೆಸರನ್ನೂ ಎರಡೆರಡು ಸಲ ಹೇಳಿಸಿಕೊಂಡರು.

ವಿಮಾನದಲ್ಲಿ ಮತ್ತೆ ಊಟದ ಡಬ್ಬಿ ಕೊಡಲು ಶುರುಮಾಡಿದಾಗ ಸಿಕ್ಕಿದ್ದು ತಣ್ಣಗಿನ ಪುಳಿಯೋಗರೆ.

"ಹೆಂಗಿತ್ತು?"

"ಕೆಟ್ಟದಾಗಿತ್ತು ಮಾವ. ಆದ್ರೂ ನಿಮ್ಮ ಸಾರಿಗಿಂತ ವಾಸಿ."

ಬಾಯಿ ಜಾರಿ ಬಂದ ಮಾತು. ಹರಿತಾ ನಾಲಿಗೆ ಕಚ್ಚಿಕೊಂಡಳು. ಹಾಳೆಯ ಆಚೆ ಮಾವನ ಹೆಗಲು ಅಲುಗತೊಡಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ವ್ಯಾನನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿಬಿಟ್ಟರು.

ಡಿಸೆಂಬರಿನಲ್ಲಿ ಪಕ್ಕದ ಸೀಟಿನಲ್ಲಿ ಒಂದು ಮಗು. ಆರು ತಿಂಗಳಿನದು. ಹುಟ್ಟಿದಾಗಿನಿಂದ ಹೊರಗೆ ಕಂಡದ್ದೆಲ್ಲ ಮುಚ್ಚಿದ ಮುಖಗಳೇ. ನೀರು ಕುಡಿಯಲೆಂದು ಹರಿತಾ ಮಾಸ್ಕು ಇಳಿಸಿದಾಗ ಅದು ಬೆಚ್ಚಿಬಿದ್ದು ಅವಳ ಮೂಗು, ಬಾಯಿಗಳನ್ನೇ ನೋಡಿತು. ಅವಳು ನಕ್ಕಳು. ಮಗು ಕೈ ಚಾಚಿ ಅವಳ ಕೆಳತುಟಿ ಹಿಡಿದುಕೊಂಡಿತು. ತಾಯಿ ಗಾಬರಿಯಾಗಿ ಕ್ಷಮಿಸಿ ಅಂದರೂ ಹರಿತಾಳಿಗೆ ಆ ಪುಟ್ಟ ಬೆರಳುಗಳನ್ನು ಬಿಡಿಸಲು ಮನಸ್ಸು ಬರಲಿಲ್ಲ. ತನ್ನ ಮಗಳನ್ನು ಮುಟ್ಟಿ ಏಳು ತಿಂಗಳಾಗಿತ್ತು. ಭಾನುವಾರ ಬಿಡುವಿದ್ದರೆ ಗೌರಿಬಿದನೂರಿಗೆ ಹೋಗಿ ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂರುವಳು. ಯಾಮಿನಿ ಗ್ರಿಲ್ಲಿನ ಒಳಗಿನಿಂದ ಚಿತ್ರ ತೋರಿಸುವಳು. ಮಗುವಿನ ವಿಷಯ ಹೇಳಿದಾಗ ಮಾವ ಹೆಸರು ಕೇಳುವುದನ್ನೂ ಮರೆತು, "ಅಳಬೇಡಮ್ಮ," ಅಂದರು. ತಾನು ಅಳುತ್ತಿರುವುದು ಹಾಳೆಯ ಆಚೆಗೂ ತಿಳಿಯುತ್ತದೆಂದು ಅವಳು ಎಣಿಸಿರಲಿಲ್ಲ.

ಮಾರ್ಚಿನಲ್ಲಿ ಕಂಪನಿಯಿಂದ ಒಂದು ಪತ್ರ ಬಂತು. ಕಳೆದ ಒಂದು ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಹಾರಿದವಳು ಹರಿತಾ, ಐವತ್ತೆಂಟು ಸಲ. ಈ ಕಾಲದ ವಿಮಾನ ಪ್ರಯಾಣ ಹೇಗಿತ್ತೆಂದು ಕಂಪನಿಯ ಪತ್ರಿಕೆಗೆ ಒಂದು ಪುಟದ ವಿಮರ್ಶೆ ಬರೆದುಕೊಡಬೇಕು. ಶುಚಿತ್ವ, ಸಮಯಪಾಲನೆ, ಊಟ ಎಲ್ಲಕ್ಕೂ ಐದಕ್ಕೆ ಇಷ್ಟೆಂದು ಅಂಕ ಹಾಕಬೇಕು. ಜಗಲಿಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತರೆ ಮೂರು ಸಾಲಿನ ಮುಂದೆ ಹೋಗಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಲ್ಲ ಕಲಸಿಹೋಗಿತ್ತು.

"ಏನಮ್ಮ ಅದು, ಅಷ್ಟೊತ್ತಿಂದ ತಲೆ ಕೆರ್ಕೊಂತಿದೀಯ?" ಹಸುವಿಗೆ ಹುಲ್ಲು ಹಾಕುತ್ತ ಮಾವ ಕೇಳಿದರು. ಅವಳು ಹೇಳಿದಳು. ಅವರು ಹುಲ್ಲಿನ ಹೊರೆಯ ಮೇಲೆ ಕೂತು ಶುರುಮಾಡಿದರು.

"ಮೊದ್ಲು ನಾಗಪುರ, ಬಿಳೀ ನಿಲುವಂಗಿ. ಆಮೇಲೆ ಇಂದೋರು, ಮಳೇಲಿ ಇಳಿಯಕ್ಕಾಗ್ದೆ ಮೇಲೇನೇ ನಾಲ್ಕು ಸುತ್ತು ಸುತ್ತಿದ್ದು. ಪಟ್ನಾದ ಮುದುಕಪ್ಪ, ಅವರ ಹೆಸರು ರಾಮಾಶ್ರಯ. ಅವರ ಪಟ್ಟಿ ಬಿಗಿಮಾಡಿದ ಹುಡುಗಿ ಲೀನಾ, ಮಂಗಳೂರೋಳು. ಆಮೇಲೆ ಮಧುರೈಗೆ ಹೋಗೋವಾಗ ಇಡೀ ವಿಮಾನಕ್ಕೆ ಹದಿನೊಂದೇ ಜನ..."

ಹರಿತಾ ಬರೆಯುವುದು ಬಿಟ್ಟು ನೋಡುತ್ತ ಕೂತಳು. ಒಂದೂ ತಪ್ಪದೆ, ಹತ್ತಿದವರು ತಾವೇ ಎಂಬಂತೆ, ಹೇಳುತ್ತ ಹೋದರು. ಅವಳಿಗೇ ಮರೆತುಹೋಗಿದ್ದ ಪೈಲಟ್ಟನ ಹೆಸರೂ ಅವರಿಗೆ ನೆನಪಿತ್ತು. ಕೊನೆಗೆ ಅಂಕಗಳಷ್ಟೇ ಉಳಿದವು.

"ಐದಕ್ಕೆ ಎಷ್ಟು ಕೊಡಣ ಮಾವ?"

"ಹೋದಾಗಲೆಲ್ಲ ವಾಪಸ್ ಬಂದಿದೀಯಲ್ಲ. ಐದಕ್ಕೆ ಐದು ಹಾಕು."

ಏಪ್ರಿಲ್ ಮೂರನೇ ವಾರ ಅವಳು ರಾಯಪುರದಲ್ಲಿದ್ದಳು. ರೋಗ ಎರಡನೇ ಸಲ ಬಂದಿತ್ತು, ಮೊದಲಿಗಿಂತ ಕೆಟ್ಟದಾಗಿ. ಅಲ್ಲಿನ ಆಸ್ಪತ್ರೆಯೊಂದರ ಹಿತ್ತಲಿನಲ್ಲಿ ಹೊಸ ಯಂತ್ರ ಕೂರಿಸುತ್ತಿದ್ದಳು. ಜೊತೆಗೆ ಬಂದಿದ್ದ ಮೋಹನ್‌ಬಾಬು ಜ್ವರ ಬಂದು ಹೋಟೆಲಿನ ಕೋಣೆ ಸೇರಿದ್ದ. ನಲವತ್ತೆರಡು ಹಾಸಿಗೆಗಳು ಆ ಯಂತ್ರದ ಆಮ್ಲಜನಕಕ್ಕಾಗಿ ಕಾಯುತ್ತಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮಾವನಿಗೆ ಫೋನು ಮಾಡುವುದು ರೂಢಿಯಾಗಿತ್ತು.

"ಮಾವ, ತಿಂಡಿ ಆಯ್ತಾ?"

"ಆಯ್ತಮ್ಮ... ಹಸೂಗೆ... ನೀರಿಟ್ಟು..."

ಹನ್ನೊಂದು ವರ್ಷದಿಂದ ಉಸಿರಿನ ಯಂತ್ರಗಳ ಜೊತೆಯೇ ಬದುಕಿದವಳಿಗೆ ಎರಡು ಮಾತಿಗೊಮ್ಮೆ ತಡೆಯುವ ಉಸಿರು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಜ್ವರ ಬಂದಿತ್ತಾ ಮಾವ?"

"ನಾಲ್ಕು ದಿನ... ಈಗಿಲ್ಲ."

"ಯಾಕೆ ಹೇಳ್ಲಿಲ್ಲ?"

"ನೀನು ಅಲ್ಲಿ ಕೆಲ್ಸ ಬಿಟ್ಟು... ಓಡಿ ಬರ್ತೀಯ ಅಂತ."

"ಚೆನ್ನಾಗಿ ಉಸಿರೆಳ್ಕೊಂಡು ಒಂದೇ ಉಸಿರಲ್ಲಿ ಎಣಿಸಿ. ಎಷ್ಟಾಗುತ್ತೋ ಅಷ್ಟು."

ಮುನಿಶಾಮಪ್ಪನವರಿಗೆ ಎಣಿಕೆ ಮಾತ್ರ ಯಾವಾಗಲೂ ತೆಲುಗಿನಲ್ಲಿ. ಚಿಕ್ಕಂದಿನಲ್ಲಿ ಹಿಂದೂಪುರದ ಸಂತೆಯಲ್ಲಿ ಕಲಿತದ್ದು. "ಒಕಟಿ, ರೆಂಡು, ಮೂಡು, ನಾಲುಗು, ಅಯಿದು, ಆರು, ಏಡು..." ಎಂಟಕ್ಕೆ ಉಸಿರು ತುಂಡಾಯಿತು. ಇನ್ನೊಮ್ಮೆ ಎಣಿಸಿದರು. ಆರಕ್ಕೇ ನಿಂತಿತು.

ಅವಳು ಗಂಡನಿಗೆ ಫೋನು ಮಾಡಿದಳು. ಸುನೀಲ್ ಅರ್ಧ ಗಂಟೆಯಲ್ಲಿ ತೋಟದಲ್ಲಿದ್ದ. ಬೆರಳಿಗೆ ಹಾಕುವ ಕ್ಲಿಪ್ಪು, ಆಮ್ಲಜನಕ ತೊಂಬತ್ತೈದಾದರೂ ಇರಬೇಕಾದಲ್ಲಿ, ಎಂಬತ್ತಾರು ತೋರಿಸಿತು. ಮಧ್ಯಾಹ್ನದ ಹೊತ್ತಿಗೆ ಗೌರಿಬಿದನೂರಿನಲ್ಲಿ ಒಂದು ಹಾಸಿಗೆ ಸಿಕ್ಕಿ ಅಪ್ಪನ ಮುಖಕ್ಕೆ ಆಮ್ಲಜನಕದ ಮಾಸ್ಕು ಬಿತ್ತು.

"ಸಂಜೆ ಒಂದು ವಿಮಾನ ಇದೆ," ಅಂದಳು ಹರಿತಾ. "ಬಿಟ್ಟು ಬಂದ್ಬಿಡ್ತೀನಿ ಕಣ್ರೀ. ನನ್ನಿಂದಾನೇ ಬಂತೋ ಏನೋ ಅವ್ರಿಗೆ."

"ಎಲ್ಲಾ ಕಡೇನೂ ಇದೆ. ಹಾಲು ಹಾಕೋಕೆ ಡೈರಿಗೆ ಹೋಗಿಲ್ವಾ ಅವ್ರು?" ಅಂದ ಸುನೀಲ್. "ತಾಳು, ಅಪ್ಪ ಫೋನು ಕೇಳ್ತಿದಾರೆ."

ಮಾಸ್ಕಿನೊಳಗಿನ ಸುಂಯ್‌ಗುಡುವ ಸದ್ದಿನ ನಡುವೆ ಮಾತು ಬಂತು. "ಅಲ್ಲಿ ಮಲಗಿರೋರಿಗೂ... ಸೊಸೇರು ಇರ್ತಾರಮ್ಮ. ಮುಗ್ಸಿ ಬಾ."

ಅವಳು ಉಳಿದಳು. ಆ ದಿನವೂ ಮರುದಿನವೂ ಕೊಳವೆಗಳ ಕೀಲು ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿದಳು, ಒತ್ತಡ ನೋಡಿದಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಒಳಗಿನ ವಾರ್ಡಿನ ಮೊದಲ ಹಾಸಿಗೆಗೆ ಗಾಳಿ ತಲುಪಿತೆಂದು ನರ್ಸು ಕಿಟಕಿಯಿಂದ ಕೈಯೆತ್ತಿ ತೋರಿಸಿದಾಗ, ಅಲ್ಲೇ ಸಿಮೆಂಟು ಕಟ್ಟೆಯ ಮೇಲೆ ಕೂತು ಬೆಳಗಿನ ವಿಮಾನದ ಟಿಕೆಟ್ ತೆಗೆದಳು.

ಮಾರನೆಯ ಬೆಳಗಿನ ವಿಮಾನದಲ್ಲಿ ಇಪ್ಪತ್ತಮೂರು ಜನ. ಹಾರಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಮುಖದ ಮುಂದಿನ ಪಾರದರ್ಶಕ ಹಾಳೆ ಒಳಗಿನಿಂದ ಮಂಜುಗಟ್ಟಿತು. ಇದು ಇಳಿದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲದ ಮೊದಲ ವಿಮಾನ. ಬಿಳಿಯ ದೊಗಲೆ ಅಂಗಿ ತೊಟ್ಟ ಗಗನಸಖಿಯೊಬ್ಬಳು ಬಂದು, ಓಣಿಯ ಆಚೆಯ ಸೀಟಿನಲ್ಲಿ ಕೂತಳು. ಏನಾಯಿತೆಂದು ಕೇಳಲಿಲ್ಲ. ಕೈಗವಸು ತೊಟ್ಟ ಕೈಯನ್ನು ಓಣಿಯ ಮೇಲೆ ಚಾಚಿ ಹರಿತಾಳ ಕೈ ಹಿಡಿದುಕೊಂಡು, ಇಳಿಯುವ ಘೋಷಣೆಯಾಗುವವರೆಗೂ ಹಾಗೇ ಕೂತಿದ್ದಳು.

ಹೊರಗೆ ಸುನೀಲ್ ನಿಂತಿದ್ದ. ಒಂದು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಓಮ್ನಿಯ ನಡುವಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತುಹಾಕಿದ್ದ.

"ಫ್ಯಾಕ್ಟರಿ?"

"ಗೇಟಲ್ಲಿ ಬಿಡ್ದೇ ಇದ್ರೆ ಬಿಡ್ದೇ ಇರ್ಲಿ. ಮುಂದೆ ಕೂತ್ಕೋ ಬಾ."

ಆಸ್ಪತ್ರೆಯಲ್ಲಿ ತಲೆಯಿಂದ ಕಾಲಿನವರೆಗೂ ಮುಚ್ಚಿಕೊಂಡ ಒಬ್ಬರನ್ನು ಹತ್ತು ನಿಮಿಷಕ್ಕೆ ಬಿಡುತ್ತಿದ್ದರು. ಒಳಗೆ ಹೋದವಳು ಅಭ್ಯಾಸಬಲದಿಂದ ಮೊದಲು ನೋಡಿದ್ದು ಗೋಡೆಯ ಮೇಲಿನ ಮೀಟರನ್ನು. ಎಲ್ಲ ಸರಿಯಾಗಿತ್ತು. ಆಮೇಲೆ ಮಾವನನ್ನು ನೋಡಿದಳು. ಕಣ್ಣು ಮುಚ್ಚಿದ್ದರು, ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ನಿದ್ದೆಯೋ ಎಚ್ಚರವೋ ತಿಳಿಯದೆ, ಸ್ಟೂಲೆಳೆದುಕೊಂಡು ಅವರ ಕಿವಿಯ ಹತ್ತಿರ ಮೆಲ್ಲಗೆ ಹೇಳತೊಡಗಿದಳು. ಇಪ್ಪತ್ತಮೂರೇ ಜನ ಇದ್ದದ್ದು, ಗೋದಾವರಿಯೋ ಬೇರೆಯದೋ ಗೊತ್ತಾಗದ ಒಂದು ನದಿ ಕೆಳಗೆ ಹೊಳೆದದ್ದು, ಒಬ್ಬ ಹುಡುಗಿ ಪಕ್ಕ ಬಂದು ಕೂತು ಕೈ ಹಿಡಿದುಕೊಂಡದ್ದು.

ಮುನಿಶಾಮಪ್ಪನವರು ಒಂದು ಕಣ್ಣು ತೆರೆದರು.

"ಹೆಸರೇನು... ಆ ಹುಡುಗೀದು?"

ಎಲ್ಲರೂ ಒಂದೇ ತರಹ ಕಾಣುತ್ತಾರೆಂದು ಆ ಹುಡುಗಿ ಎದೆಯ ಮೇಲೆ ಪೆನ್ನಿನಲ್ಲಿ ಹೆಸರು ಬರೆದುಕೊಂಡಿದ್ದಳು. "ಫರ್ಹಾನಾ," ಅಂದಳು ಹರಿತಾ.

"ಬಂಗಾರು ತಲ್ಲಿ, ಬಂಗಾರದಂಥ ತಾಯಿ," ಅಂದು ಅವರು ಮತ್ತೆ ಕಣ್ಣು ಮುಚ್ಚಿದರು. ಹತ್ತು ನಿಮಿಷ ಮುಗಿದು ನರ್ಸು ಕರೆದಳು.

ಹದಿನಾರು ದಿನ ಆಸ್ಪತ್ರೆ. ಎರಡು ಸಲ ಕೈಬಿಟ್ಟುಹೋದರೆಂದೇ ಎಲ್ಲರೂ ಅಂದುಕೊಂಡರು. ಆದರೆ ಹೋಗಲಿಲ್ಲ. ಅವರು ಒಳಗಿದ್ದಾಗಲೇ ವಿಮರ್ಶೆ ಅಚ್ಚಾಗಿ ಬಂತು. ಸಂಪಾದಕರು ಮಗುವನ್ನೂ ಮುದುಕಪ್ಪನನ್ನೂ ತೆಗೆದು, ಅಂಕಗಳನ್ನೂ ಸಮಯಪಾಲನೆಯ ವಿಷಯವನ್ನೂ ಮಾತ್ರ ಉಳಿಸಿದ್ದರು. ಅದನ್ನು ಫೋನಿನಲ್ಲಿ ಓದಿ ಹೇಳಿದಾಗ, "ಇದ್ಯಾರೋ ಬೇರೆಯೋರು ಹೋಗ್ಬಂದಂಗಿದೆ," ಅಂದರು ಮಾವ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಬಯಲ ಗಾಳಿ ಒಳ್ಳೆಯದೆಂದು ಅವರನ್ನು ತೋಟದಲ್ಲೇ ಇರಿಸಿದರು. ಈ ಸಲ ಎಲ್ಲರೂ ಅಲ್ಲಿಗೇ ಬಂದರು. ಆದಿಲಕ್ಷ್ಮಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿ ಹಣೆ ಚಚ್ಚಿಕೊಂಡರು. ಯಾಮಿನಿ ಎರಡು ದಿನ ಅಮ್ಮನ ಹತ್ತಿರ ಬರಲು ನಾಚಿಕೊಂಡು ಅಜ್ಜಿಯ ಸೆರಗಿನ ಹಿಂದೆ ನಿಂತಳು. ಮೂರನೆಯ ದಿನ ತಲೆ ಬಾಚಿಸಿಕೊಳ್ಳಲು ಬಂದವಳು ಅಮ್ಮನ ತೊಡೆಯ ಮೇಲೆ ಕೂತು, ಜಡೆ ಹಾಕಿ ಮುಗಿದರೂ ಏಳಲಿಲ್ಲ.

ಜೂನಿನ ಒಂದು ಸಂಜೆ. ಮೊದಲ ಮಳೆ ಬಿದ್ದು ಹಿಪ್ಪುನೇರಳೆ ಚಿಗುರಿತ್ತು. ದಿನಕ್ಕೆ ಇಷ್ಟು ಹೆಜ್ಜೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಹರಿತಾ ಮಾವನ ಪಕ್ಕ ಕಾಲುವೆಯ ದಡದ ಮೇಲೆ ನಡೆಯುತ್ತಿದ್ದಳು. ನಡುದಾರಿಯಲ್ಲಿ ಅವರಿಗೆ ಆಯಾಸವಾಗಿ, ಅವಳ ತೋಳು ಹಿಡಿದು ನಿಂತರು. ಉಸಿರು ಹಿಂದಕ್ಕೆ ಬರುವವರೆಗೂ ಇಬ್ಬರೂ ನೀರು ನೋಡುತ್ತ ನಿಂತರು.

"ಒಂದು ಮಾತು ಹೇಳ್ಬೇಕು. ನಿಮ್ಮ ಸಂಬಂಧ ಬಂದಾಗ ನಾನು ಬೇಡ ಅಂದಿದ್ದೆ."

"ಗೊತ್ತು ಮಾವ."

"ಯಾರು ಹೇಳಿದ್ದು? ಸುನೀಲಾ?"

"ಯಾರೂ ಹೇಳ್ಲಿಲ್ಲ. ಎಂಟು ವರ್ಷ ನಿಮ್ಮ ಮನೇಲೇ ಇದ್ನಲ್ಲ."

ಅವರು ತಲೆಯಾಡಿಸಿದರು. ಆಮೇಲೆ ಅಂದರು: "ಅವತ್ತೇ ಹೂಂ ಅಂದಿದ್ರೆ, ಇನ್ನೂ ಎಷ್ಟು ಮಾತಾಡ್ಬಹುದಿತ್ತು ನೋಡು."

ಹರಿತಾ ಅವರ ಕೈಯನ್ನು ತನ್ನ ತೋಳಿಗೆ ಇನ್ನಷ್ಟು ಬಿಗಿಯಾಗಿ ಸೇರಿಸಿಕೊಂಡಳು.

"ಕೆಸರಿದೆ, ನೋಡ್ಕೊಂಡು ಕಾಲಿಡಿ ಮಾವ," ಅಂದಳು. ಅವರು ನೋಡಿಕೊಂಡು ಕಾಲಿಟ್ಟರು. ಅವಳ ತೋಳು ಬಿಡದೆ ಹಿಪ್ಪುನೇರಳೆಯ ಸಾಲಿನ ಕೊನೆಯವರೆಗೂ ನಡೆದರು.